ತುಪ್ಪದಿಂದ ಬಿರಿಯಾನಿಯವರೆಗೆ: ಹೂಗ್ಲಿ ದಡದಲ್ಲಿ ಕಲಬೆರಕೆಯೂ ಕಾನೂನೂ



ಊಟದ ಶುದ್ಧಿಯ ಮಾತು ಬಂದಾಗಲೆಲ್ಲ ನಾವು ಹೇಳುವುದು ಒಂದೇ: "ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ." ಹೌರಾದಲ್ಲಿ ಸಂಸಾರ ಹೂಡಿ ಇಷ್ಟು ವರ್ಷಗಳಾದ ಮೇಲೆ, ಈ ಊರಿನ ಮತ್ತು ನದಿಯಾಚೆಯ ಕೋಲ್ಕತ್ತಾದ ಹಳೆಯ ಸಂಗತಿಗಳನ್ನು ಓದುತ್ತಾ ಹೋದಂತೆ ನನಗೆ ಕಂಡದ್ದು ಬೇರೆ. ಕಲಬೆರಕೆ ಇಲ್ಲಿ ನೂರು ವರ್ಷಕ್ಕೂ ಹಳೆಯದು, ಅದರ ವಿರುದ್ಧದ ಸಿಟ್ಟೂ ಅಷ್ಟೇ ಹಳೆಯದು. ಈ ಹೊತ್ತಿನಲ್ಲಿ ನಾನು ಕೇಳಿಕೊಂಡ ಪ್ರಶ್ನೆ ಇಷ್ಟೇ: ಆಹಾರದ ಕಾನೂನನ್ನು ತಿನ್ನುವವರು ಹೇಗೆ ನೋಡಿದರು, ಮಾರುವವರು ಹೇಗೆ ನೋಡಿದರು? ಉತ್ತರ ನಮ್ಮ ಸಂಘದ ಹಬ್ಬದೂಟದ ತನಕ ಬಂದು ಮುಟ್ಟುತ್ತದೆ ಎಂಬ ಕಾರಣಕ್ಕೆ ಇದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕಣ್ಣೆದುರು ಹಿಂಡಿಸಿದ ಎಣ್ಣೆ

ಎಡಿನ್‌ಬರೋದಲ್ಲಿ ಓದಿ ಬಂದ ರಸಾಯನ ವಿಜ್ಞಾನಿ ಪ್ರಫುಲ್ಲ ಚಂದ್ರ ರಾಯ್ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಒಂದು, ಪೇಟೆಯಲ್ಲಿ ಮಾರುವ ತುಪ್ಪ ಮತ್ತು ಸಾಸಿವೆ ಎಣ್ಣೆಯ ಪರೀಕ್ಷೆ. ಕಲಬೆರಕೆ ಹಿಡಿಯಬೇಕಾದರೆ ಮೊದಲು ಶುದ್ಧ ಪದಾರ್ಥ ಯಾವುದೆಂದು ತಿಳಿಯಬೇಕಲ್ಲವೇ? ಅಂಗಡಿಯಲ್ಲಿ ಅದು ಸಿಗುವ ನಂಬಿಕೆ ಅವರಿಗಿರಲಿಲ್ಲ. ಹಾಗಾಗಿ ಹಸುವಿನ ಹಾಲನ್ನು ಎದುರಿಗೇ ಕರೆಸಿದರು, ಸಾಸಿವೆಯನ್ನು ಕಣ್ಣೆದುರೇ ಗಾಣಕ್ಕೆ ಹಾಕಿಸಿ ಎಣ್ಣೆ ತೆಗೆಸಿದರು. ಕೆಲವು ವರ್ಷಗಳ ಈ ದುಡಿಮೆಯ ಫಲ 1894ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆಗ ಕಾನೂನೇ ಇರಲಿಲ್ಲವೆಂದಲ್ಲ. 1860ರ ದಂಡ ಸಂಹಿತೆಯ 272 ಮತ್ತು 273ನೆಯ ಕಲಮುಗಳು ಹಾನಿಕರವಾಗುವಂತೆ ಕಲಬೆರಕೆ ಮಾಡಿದ, ಮಾರಿದ ಆಹಾರದ ಬಗ್ಗೆಯೇ ಇದ್ದವು. ಶಿಕ್ಷೆ ಆರು ತಿಂಗಳ ಸೆರೆ ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ "ಹಾನಿಕರ" ಎಂದು ರುಜುವಾತು ಮಾಡುವುದು ಹೇಗೆ? ತುಪ್ಪಕ್ಕೆ ಅಗ್ಗದ ಕೊಬ್ಬು ಬೆರೆಸಿದರೆ ತಿಂದವರು ಆ ದಿನವೇ ಸಾಯುವುದಿಲ್ಲ. ಅಳತೆಗೋಲು ಇಲ್ಲದ ಕಾನೂನು ಕಪಾಟಿನಲ್ಲೇ ಉಳಿಯುತ್ತದೆ. ರಾಯ್ ಅವರು ಹುಡುಕಿದ್ದು ಆ ಅಳತೆಗೋಲನ್ನೇ.

1917: ತುಪ್ಪದ ಗಲಾಟೆ

ಕಲಬೆರಕೆ ಬೀದಿಯ ವಿಷಯವಾದದ್ದು 1917ರಲ್ಲಿ. ಕೋಲ್ಕತ್ತಾದಲ್ಲಿ ಮಾರುವ ತುಪ್ಪಕ್ಕೆ ಪ್ರಾಣಿಗಳ ಕೊಬ್ಬು ಬೆರೆಸುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಬಡಾಬಜಾರಿನ ಮಾರ್ವಾಡಿ ವ್ಯಾಪಾರಿಗಳ ಮೇಲೆ ಬೆರಳು ತೋರಿಸಲಾಯಿತು. ಹೋಮಕ್ಕೆ, ಶ್ರಾದ್ಧಕ್ಕೆ, ದೇವರ ನೈವೇದ್ಯಕ್ಕೆ ಬಳಸಿದ ತುಪ್ಪವೇ ಮೈಲಿಗೆಯಾಗಿದ್ದರೆ ಮುಂದೇನು? ಸಾವಿರಾರು ಬ್ರಾಹ್ಮಣರು ಹೂಗ್ಲಿ ದಡದಲ್ಲಿ ಸೇರಿ ಉಪವಾಸ ಕುಳಿತು ಪ್ರಾಯಶ್ಚಿತ್ತ ಮಾಡಿಕೊಂಡರು. ಮಾರ್ವಾಡಿ ಸಮಾಜದ ಪಂಚಾಯಿತಿಯೇ ಸೇರಿ ತಪ್ಪಿತಸ್ಥ ವ್ಯಾಪಾರಿಗಳಿಗೆ ದಂಡ ಹಾಕಿತು, ಕೆಲವರನ್ನು ಜಾತಿಯಿಂದ ಹೊರಗಿಟ್ಟಿತು. ಬ್ರಿಟಿಷ್ ಸರ್ಕಾರ ಅದೇ ವರ್ಷ ತುರ್ತಾಗಿ ತುಪ್ಪದ ಕಲಬೆರಕೆ ತಡೆಯುವ ಶಾಸನ ತಂದಿತು. 1919ರಲ್ಲಿ ಬಂಗಾಳದ ಆಹಾರ ಕಲಬೆರಕೆ ಕಾಯ್ದೆಯೂ ಬಂತು.

ಈ ಪ್ರಸಂಗ ಓದುವಾಗ ಎರಡು ಸಂಗತಿ ಗಮನಿಸಿದೆ. ಒಂದು, ಜನರೇ ಕಾನೂನು ಬೇಕೆಂದು ಕೂಗಿದರು. ಮತ ಧರ್ಮದ ವಿಷಯದಲ್ಲಿ ಸರ್ಕಾರ ಕೈ ಹಾಕಬಾರದು ಎನ್ನುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಎರಡು, ಕೂಗು ಎದ್ದದ್ದು ಆರೋಗ್ಯಕ್ಕಿಂತ ಹೆಚ್ಚಾಗಿ ಮಡಿಗಾಗಿ. ತುಪ್ಪ ಕೊಳ್ಳುವ ಶಕ್ತಿಯೇ ಇಲ್ಲದ ಮನೆಗಳ ಎಣ್ಣೆ, ಹಾಲು, ಹಿಟ್ಟಿನ ಬಗ್ಗೆ ಅಷ್ಟು ಜನ ನದಿ ದಡಕ್ಕೆ ಬರಲಿಲ್ಲ.

ತುಪ್ಪದ ಜಗಳ ಅಲ್ಲಿಗೆ ಮುಗಿಯಲಿಲ್ಲ. ವನಸ್ಪತಿ ಬಂದ ಮೇಲೆ ಅದನ್ನು ತುಪ್ಪಕ್ಕೆ ಬೆರೆಸುವುದು ಸುಲಭವಾಯಿತು. ಅದಕ್ಕೆ ಬಣ್ಣ ಹಾಕಿ ಮಾರಬೇಕೆಂಬ ಬೇಡಿಕೆ ಇತ್ತು. ಕೊನೆಗೆ ವನಸ್ಪತಿಯಲ್ಲಿ ಕನಿಷ್ಠ ಶೇಕಡ 5ರಷ್ಟು ಎಳ್ಳೆಣ್ಣೆ ಇರಲೇಬೇಕೆಂಬ ನಿಯಮ ಬಂತು. ಎಳ್ಳೆಣ್ಣೆ ಸೇರಿದ್ದರೆ ಪರೀಕ್ಷೆಯಲ್ಲಿ ಗುಲಾಬಿ ಬಣ್ಣ ಬರುತ್ತದೆ; ತುಪ್ಪ ಗುಲಾಬಿಯಾದರೆ ಅದರಲ್ಲಿ ವನಸ್ಪತಿ ಸೇರಿದೆ ಎಂದರ್ಥ. ಕಳ್ಳನ ಕಾಲಿಗೆ ಗೆಜ್ಜೆ ಕಟ್ಟಿದಂಥ ಉಪಾಯ!

ಸಾಸಿವೆ ಎಣ್ಣೆಯ ಮರೆತ ಕಥೆ

ನಮಗೆ ತೆಂಗಿನಕಾಯಿ ಇದ್ದಂತೆ ಬಂಗಾಳಿಗಳಿಗೆ ಸಾಸಿವೆ ಎಣ್ಣೆ. ಮೀನಿಗೂ ಅದೇ, ಮುರಿಗೂ (ನಮ್ಮ ಮಂಡಕ್ಕಿಗೂ) ಅದೇ, ಎಳೆಗೂಸಿನ ಮೈಗೂ ಅದೇ. 1877ರ ಸುಮಾರಿಗೆ ಕೋಲ್ಕತ್ತಾದಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತು. ಕಾಲು ಊದಿಕೊಳ್ಳುವುದು, ಉಸಿರು ಕಟ್ಟುವುದು, ಕೊನೆಗೆ ಹೃದಯ ಸೋಲುವುದು. ವೈದ್ಯರು ಇದನ್ನು ಎಪಿಡೆಮಿಕ್ ಡ್ರಾಪ್ಸಿ ಎಂದು ಕರೆದರು. ಸೋಂಕು ರೋಗವೆಂದರು ಕೆಲವರು, ಹಾಳಾದ ಅಕ್ಕಿಯಿಂದ ಬರುವುದೆಂದರು ಇನ್ನು ಕೆಲವರು. ಅರ್ಧ ಶತಮಾನ ಹೀಗೇ ಕಳೆಯಿತು.

ಕಾರಣ ಹೊಲದಲ್ಲೇ ಇತ್ತು. ಹಳದಿ ಹೂ ಬಿಡುವ, ಮೈತುಂಬ ಮುಳ್ಳಿನ ಒಂದು ಕಳೆಗಿಡ. ನಮ್ಮ ಕಡೆ ದತ್ತೂರಿ ಎನ್ನುತ್ತಾರೆ, ಬಂಗಾಳಿಯಲ್ಲಿ ಶಿಯಾಲ್‌ಕಾಂಟಾ. ಇದರ ಬೀಜ ಸಾಸಿವೆಯ ಹಾಗೇ ಕಪ್ಪಗೆ ಸಣ್ಣಗಿರುತ್ತದೆ. 1926ರಲ್ಲಿ ಸರ್ಕಾರ್ ಎಂಬ ವೈದ್ಯರು ಈ ಬೀಜದ ಎಣ್ಣೆಯ ಮೇಲೆ ಅನುಮಾನ ತೋರಿದರು. ಕೋಲ್ಕತ್ತಾದಲ್ಲಿ 1932ರಲ್ಲಿ ಶುರುವಾದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯ ಲಾಲ್ ಮತ್ತು ರಾಯ್ 1937ರಲ್ಲಿ ಪ್ರಯೋಗಗಳಿಂದ ಅದನ್ನು ಗಟ್ಟಿ ಮಾಡಿದರು.

ಇಷ್ಟು ತಿಳಿದ ಮೇಲೂ ಎಣ್ಣೆಯ ದುರಂತ ನಿಲ್ಲಲಿಲ್ಲ. 1988ರಲ್ಲಿ ಕೋಲ್ಕತ್ತಾದ ಬೆಹಾಲಾದಲ್ಲಿ ಕೈಗಾರಿಕೆಯ ರಾಸಾಯನಿಕ ಸೇರಿದ್ದ ಅಡುಗೆ ಎಣ್ಣೆ ತಿಂದು ನೂರಾರು ಜನರ ಕೈಕಾಲು ಸೋತವು. ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ಆ ವಿಷ ನರಗಳನ್ನೇ ಹಿಡಿಯುತ್ತದೆ. 1998ರಲ್ಲಿ ದಿಲ್ಲಿಯಲ್ಲಿ ಮತ್ತೆ ಡ್ರಾಪ್ಸಿ ಬಂದು 60ಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ಬಿಡಿ ಎಣ್ಣೆಯ ಮಾರಾಟಕ್ಕೆ ಕಡಿವಾಣ ಹಾಕಿ ಪ್ಯಾಕೆಟ್ ಕಡ್ಡಾಯ ಮಾಡಿತು. ಆಗ ವಿರೋಧವೂ ಎದ್ದಿತು. ಸೀಸೆ ಹಿಡಿದು ಹೋಗಿ ಆ ದಿನದ ಅಡುಗೆಗೆ ಬೇಕಾದಷ್ಟೇ ಎಣ್ಣೆ ತರುತ್ತಿದ್ದ ಬಡ ಹೆಂಗಸರು, ಕಣ್ಣೆದುರೇ ಹಿಂಡಿಕೊಡುತ್ತಿದ್ದ ಸಣ್ಣ ಗಾಣದವರು, ಇವರ ಹೊಟ್ಟೆಯ ಮೇಲೆ ಈ ನಿಯಮ ಹೊಡೆಯಿತು ಎಂಬುದು ಅವರ ವಾದ. ಅದನ್ನು ತಳ್ಳಿಹಾಕುವ ಹಾಗಿಲ್ಲ. ಸುರಕ್ಷತೆಯ ಹೆಸರಿನಲ್ಲಿ ಬರುವ ನಿಯಮದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಕೇಳಲೇಬೇಕು.

ಹೋಟೆಲಿನವರ ಲೆಕ್ಕ

ಇನ್ನು ಹೋಟೆಲುಗಳಿಗೆ ಬರೋಣ. ಕೋಲ್ಕತ್ತಾದ ಹಳೆಯ ಪೈಸ್ ಹೋಟೆಲುಗಳಲ್ಲಿ ಬಾಳೆಎಲೆಗೆ, ಅನ್ನಕ್ಕೆ, ಒಂದೊಂದು ಪದಾರ್ಥಕ್ಕೂ ಬೇರೆಬೇರೆ ಲೆಕ್ಕ. ಹಲವು ಬೋರ್ಡುಗಳ ಮೇಲೆ "ಹಿಂದೂ ಹೋಟೆಲ್" ಎಂದಿರುತ್ತಿತ್ತು. ನಮ್ಮಲ್ಲಿ "ಬ್ರಾಹ್ಮಣರ ಕಾಫಿ ಕ್ಲಬ್" ಎಂದು ಬರೆಯುತ್ತಿದ್ದುದೂ ಇದೇ ಬಗೆ. ಅಡುಗೆಯವನ ಜಾತಿಯೇ ಸರ್ಟಿಫಿಕೇಟು. ಕೈ ತೊಳೆದಿದ್ದಾನೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ.

ಆ ಸರ್ಟಿಫಿಕೇಟಿನಿಂದ ನಿಜವಾದ ಶುಚಿತ್ವಕ್ಕೆ ದಾಟಿದವರಲ್ಲಿ ನಮ್ಮ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ದೊಡ್ಡ ಹೆಸರು. ಉಡುಪಿ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಎಂದೇ ಶುರು ಮಾಡಿದ ಹೋಟೆಲದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಶಿಸ್ತು ನೋಡಿ ಬಂದರು. ಪಾತ್ರೆ, ಲೋಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಏರ್ಪಾಡು ತಂದರು. ಗಿರಾಕಿಗಳು ಅಡುಗೆಮನೆಯನ್ನು ನೋಡಿಕೊಂಡೇ ಊಟದ ಕೋಣೆಗೆ ಹೋಗುವ ಪದ್ಧತಿಗೆ ಹೆಸರಾಯಿತು ಆ ಹೋಟೆಲು. ಯಾವ ಇನ್‌ಸ್ಪೆಕ್ಟರೂ ಹೇಳಿರಲಿಲ್ಲ, ಯಾವ ಕಾಯ್ದೆಯೂ ಒತ್ತಾಯ ಮಾಡಿರಲಿಲ್ಲ.

ಅದೇ ಹೋಟೆಲು ಸರ್ಕಾರದ ನಿಯಮದ ಎದುರು ಬಾಗಿಲು ಹಾಕಿದ ಪ್ರಸಂಗವೂ ಇದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ಬೆಲೆಯನ್ನು ಸರ್ಕಾರ ಗೊತ್ತು ಮಾಡಿತು. ಆ ಬೆಲೆಗೆ ತಮ್ಮ ಗುಣಮಟ್ಟದ ತಿಂಡಿ ಕೊಡಲು ಸಾಧ್ಯವಿರಲಿಲ್ಲ. ತುಪ್ಪ ಕಡಿಮೆ ಮಾಡಿ, ಅಗ್ಗದ ಬೇಳೆ ತರಿಸಿ ನಡೆಸಬಹುದಿತ್ತು. ಹಾಗೆ ಮಾಡದೆ, ದಿನದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ಹಾಕಿ, ಕೆಲಕಾಲದ ಮೇಲೆ ಹೋಟೆಲು ಮುಚ್ಚಿದರು. ಕೆಲಸಗಾರರನ್ನು ಉಳಿಸಿಕೊಳ್ಳಲು ಪುಡಿಗಳು, ಸಿದ್ಧ ಮಿಶ್ರಣಗಳ ವ್ಯಾಪಾರಕ್ಕಿಳಿದರು. ಇಂದು ನಾವು ಊರಿನಿಂದ ತರಿಸಿಕೊಳ್ಳುವ ರವೆ ಇಡ್ಲಿ ಪ್ಯಾಕೆಟ್ಟಿನ ಹಿಂದೆ ಇಂಥ ಒಂದು ಕಥೆ ಇದೆ.

ಬಂಗಾಳದಲ್ಲೂ ಹೀಗೊಂದು ನಡೆದಿತ್ತು. 1965ರಲ್ಲಿ ಹಾಲಿನ ಅಭಾವದ ಕಾರಣಕ್ಕೆ ಮುಖ್ಯಮಂತ್ರಿ ಪ್ರಫುಲ್ಲ ಚಂದ್ರ ಸೇನ್ ಅವರ ಸರ್ಕಾರ ಛಾನಾದಿಂದ ಸಿಹಿ ಮಾಡುವುದನ್ನೇ ನಿಷೇಧಿಸಿತು. ರಸಗುಲ್ಲ, ಸಂದೇಶ್ ಇಲ್ಲದ ಕೋಲ್ಕತ್ತಾವನ್ನು ಊಹಿಸಿಕೊಳ್ಳಿ! ಹಾಲು ಮಕ್ಕಳಿಗೆ ಸಿಗಲೆಂಬ ಉದ್ದೇಶ ಒಳ್ಳೆಯದೇ. ಆದರೆ ಮಿಠಾಯಿ ಅಂಗಡಿಯವರಿಗೂ ತಿನ್ನುವವರಿಗೂ ಅದು ಕೋಪವನ್ನೇ ತಂದಿತು.

ಈ ಎರಡೂ ಶುಚಿತ್ವದ ಕಾನೂನುಗಳಲ್ಲ, ಬೆಲೆ ಮತ್ತು ಅಭಾವದ ಕಾನೂನುಗಳು. ಆದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನಿಗೆ ಎಲ್ಲವೂ ಒಂದೇ ಬಾಗಿಲಿನಿಂದ ಬರುವಂತೆ ಕಾಣುತ್ತದೆ. ನಿನ್ನೆ ಬೆಲೆ ಕೇಳಲು ಬಂದ ಸರ್ಕಾರವೇ ಇಂದು ಎಣ್ಣೆಯ ಮಾದರಿ ಕೇಳಲು ಬಂದಿದೆ. ಹೀಗಾಗಿ ಒಳ್ಳೆಯ ಹೋಟೆಲಿನವರೂ ನಿಯಮವೆಂದರೆ ಮೊದಲು ಮುಖ ಸಿಂಡರಿಸುತ್ತಾರೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್ 5ರಂದು ಜಾರಿಗೆ ಬಂದಾಗ ದೇಶದ ವ್ಯಾಪಾರಿಗಳು ಮುಷ್ಕರ ಹೂಡಿದ್ದೂ, ಲೈಸೆನ್ಸಿನ ಗಡುವನ್ನು ಮತ್ತೆ ಮತ್ತೆ ಮುಂದೂಡಿದ್ದೂ ಇದೇ ಅಪನಂಬಿಕೆಯಿಂದ.

ಕಠಿಣ ಶಿಕ್ಷೆ, ಸಡಿಲ ಕೈ

ಶಿಕ್ಷೆ ಕಡಿಮೆಯಿತ್ತು, ಅದಕ್ಕೇ ಹೀಗಾಯಿತು ಎನ್ನುವವರಿದ್ದಾರೆ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆ ದೇಶಕ್ಕೆಲ್ಲ ಒಂದೇ ನಿಯಮ ತಂದಿತು. ಪಶ್ಚಿಮ ಬಂಗಾಳ ಇನ್ನೂ ಮುಂದೆ ಹೋಗಿ 1973ರಲ್ಲಿ ದಂಡ ಸಂಹಿತೆಗೇ ತಿದ್ದುಪಡಿ ತಂದು, ಆರು ತಿಂಗಳಿದ್ದ ಶಿಕ್ಷೆಯನ್ನು ಜೀವಾವಧಿಯವರೆಗೆ ಏರಿಸಿತು. ಬೆಹಾಲಾದ ದುರಂತ ನಡೆದದ್ದು ಅದಾದ 15 ವರ್ಷಗಳ ಮೇಲೆ. ಪುಸ್ತಕದಲ್ಲಿ ಶಿಕ್ಷೆ ಎಷ್ಟು ದೊಡ್ಡದು ಎಂಬುದಕ್ಕಿಂತ, ಅಂಗಡಿಗೆ ಯಾರಾದರೂ ಬಂದು ಮಾದರಿ ತೆಗೆಯುತ್ತಾರೆಯೇ, ಅದರ ವರದಿ ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂಬುದೇ ಮುಖ್ಯ ಎಂದು ನನಗನ್ನಿಸುತ್ತದೆ.

ಬೀದಿ ಬದಿಯ ಊಟದಲ್ಲಿ ಇದು ಇನ್ನೂ ಸ್ಪಷ್ಟ. 1990ರ ದಶಕದಲ್ಲಿ, ಮೇಲೆ ಹೇಳಿದ ಅದೇ ನೈರ್ಮಲ್ಯ ಸಂಸ್ಥೆಯ ಇಂದಿರಾ ಚಕ್ರವರ್ತಿ ಮತ್ತು ಸಂಗಡಿಗರು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಕೋಲ್ಕತ್ತಾದ ಬೀದಿ ತಿನಿಸುಗಳನ್ನು ಅಧ್ಯಯನ ಮಾಡಿದರು. ಒಂದು ಹೊತ್ತಿನ ಬೀದಿ ಊಟದಿಂದ ಸುಮಾರು 1000 ಕ್ಯಾಲೊರಿ ಸಿಗುತ್ತದೆ, ದುಡಿಯುವ ಜನರಿಗೆ ಅಷ್ಟು ಅಗ್ಗದ ಊಟ ಬೇರೆಲ್ಲೂ ಇಲ್ಲ ಎಂದು ಕಂಡುಕೊಂಡರು. ತೊಂದರೆ ಇದ್ದದ್ದು ನೀರಿನಲ್ಲಿ, ಕೈಯಲ್ಲಿ, ಒಪ್ಪಿಗೆಯಿಲ್ಲದ ಬಣ್ಣಗಳಲ್ಲಿ. ವ್ಯಾಪಾರಿಗಳಿಗೆ ತರಬೇತಿ ಕೊಡುವುದೇ ದಾರಿ ಎಂಬುದು ಅವರ ಸಲಹೆ. ಆದರೆ ಅದೇ ದಶಕದಲ್ಲಿ, 1996ರ ನವೆಂಬರಿನಲ್ಲಿ, "ಆಪರೇಷನ್ ಸನ್‌ಶೈನ್" ಹೆಸರಿನಲ್ಲಿ ಪಾದಚಾರಿ ಮಾರ್ಗದ ಅಂಗಡಿಗಳನ್ನು ರಾತ್ರೋರಾತ್ರಿ ಕಿತ್ತರು. ವ್ಯಾಪಾರಿಗಳು ಸಂಘ ಕಟ್ಟಿ ಹೋರಾಡಿ ಹಿಂದಿರುಗಿದರು. 2014ರಲ್ಲಿ ಬೀದಿ ವ್ಯಾಪಾರಿಗಳ ರಕ್ಷಣೆಗೆ ಕೇಂದ್ರ ಕಾಯ್ದೆ ಬಂತು. ನಾಳೆ ಇಲ್ಲೇ ಇರುತ್ತೇನೋ ಇಲ್ಲವೋ ಎಂದು ತಿಳಿಯದವನು ನಲ್ಲಿ, ತೊಟ್ಟಿ, ಮುಚ್ಚಳಗಳಿಗೆ ದುಡ್ಡು ಹಾಕುವುದಾದರೂ ಹೇಗೆ? ಸುರಕ್ಷಿತ ಜಾಗ ಕೊಡದೆ ಸುರಕ್ಷಿತ ಊಟ ಕೇಳುವುದು ನ್ಯಾಯವಲ್ಲ.

2018ರ ಬೇಸಿಗೆ

ಇಷ್ಟೆಲ್ಲ ಹಳೆಯ ಕಥೆ. ನಾವೇ ಕಂಡದ್ದು 2018ರ ಏಪ್ರಿಲ್. ದಕ್ಷಿಣ 24 ಪರಗಣದ ಬಜ್‌ಬಜ್‌ನಲ್ಲಿ, ಕಸದ ರಾಶಿಗೆ ಎಸೆದ ಸತ್ತ ಪ್ರಾಣಿಗಳ ಮಾಂಸ ಕೊಯ್ದು ಮಾರುವ ಜಾಲ ಸಿಕ್ಕಿಬಿತ್ತು. ಕೋಲ್ಕತ್ತಾದ ಶೀತಲಗೃಹವೊಂದರಲ್ಲಿ ಟನ್ನುಗಟ್ಟಲೆ ಮಾಂಸ ವಶವಾಯಿತು. ಪತ್ರಿಕೆಗಳು ಇದನ್ನು "ಭಾಗಾಡ್ ಕಾಂಡ" ಎಂದು ಕರೆದವು. ಭಾಗಾಡ್ ಎಂದರೆ ಸತ್ತ ದನಕರು ಎಸೆಯುವ ಜಾಗ.

ಹೌರಾದ ನಮ್ಮ ಬೀದಿಯಲ್ಲೂ ಬಿರಿಯಾನಿ ಅಂಗಡಿಯ ಕೆಂಪು ಬಟ್ಟೆ ಸುತ್ತಿದ ಹಂಡೆ ಮಧ್ಯಾಹ್ನ ಕಳೆದರೂ ಖಾಲಿಯಾಗದೆ ಕೂತಿರುತ್ತಿತ್ತು. ಎದುರುಮನೆಯ ಬೌದಿ ವಾರಗಟ್ಟಲೆ ಮೊಟ್ಟೆ, ಪನೀರಿನಲ್ಲೇ ಕಾಲ ಕಳೆದರು. ಅಂಗಡಿಯವರು ತಾವಾಗಿಯೇ "ನಮ್ಮ ಮಾಂಸ ಇಂಥ ಕಡೆಯಿಂದ ಬರುತ್ತದೆ" ಎಂದು ಬಿಲ್ಲು ತೋರಿಸತೊಡಗಿದರು. ಇನ್‌ಸ್ಪೆಕ್ಟರ್ ಎಂದರೆ ಮುಖ ಗಂಟಿಕ್ಕುತ್ತಿದ್ದವರೇ ಆಗ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡಲಿ ಎಂದರು. ಗಿರಾಕಿ ಹೋದಾಗ ನಿಯಮ ಬೇಕೆನಿಸುತ್ತದೆ, ಗಿರಾಕಿ ಬಂದಾಗ ಹೊರೆಯೆನಿಸುತ್ತದೆ. ಪೂಜೆಯ ಹೊತ್ತಿಗೆ ಬಿರಿಯಾನಿಯ ಸಾಲು ಮತ್ತೆ ಮೊದಲಿನಷ್ಟೇ ಉದ್ದವಿತ್ತು. ಬಿಲ್ಲು ತೋರಿಸುವವರೂ ಇರಲಿಲ್ಲ, ಕೇಳುವವರೂ ಇರಲಿಲ್ಲ.

"ನಾವು ಸಸ್ಯಾಹಾರಿಗಳು, ನಮಗೇನು?" ಎಂಬ ಮಾತು ಆಗ ನಮ್ಮವರ ನಡುವೆ ಕೇಳಿಬಂತು. ನಮ್ಮ ರಾಜ್ಯದ ಸುದ್ದಿ ನೋಡಿದರೆ ಆ ಧೈರ್ಯ ಉಳಿಯುವುದಿಲ್ಲ. ಕರ್ನಾಟಕದಲ್ಲಿ 171 ಗೋಬಿ ಮಂಚೂರಿ ಮಾದರಿ ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತು. 2024ರ ಮಾರ್ಚ್ 11ರಂದು ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನೂ, ರೋಡಮಿನ್-ಬಿ ಸೇರಿದ ಬಾಂಬೆ ಮಿಠಾಯಿಯನ್ನೂ ನಿಷೇಧಿಸಿತು. 2025ರಲ್ಲಿ ಇಡ್ಲಿಯ ಸರದಿ. 251 ಕಡೆ ನೋಡಿದಾಗ 52 ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸುತ್ತಿದ್ದರು.

ಗಡಿಯಾಚೆಯ ಬಂಗಾಳದಿಂದ ಒಂದು ಒಳ್ಳೆಯ ಸುದ್ದಿಯೂ ಇದೆ. ಬಾಂಗ್ಲಾದೇಶದಲ್ಲಿ ಅರಿಶಿನದ ಬಣ್ಣ ಕಣ್ಣಿಗೆ ಕಟ್ಟಲೆಂದು ಸೀಸದ ಕ್ರೋಮೇಟ್ ಬಳಿಯುತ್ತಿದ್ದರು. 2019ರಲ್ಲಿ ಪೇಟೆಯ ಮಾದರಿಗಳಲ್ಲಿ ಶೇಕಡ 47ರಲ್ಲಿ ಸೀಸ ಸಿಕ್ಕಿತ್ತು. ಸಂಶೋಧಕರೂ ಸರ್ಕಾರವೂ ಸೇರಿ ಪತ್ರಿಕೆಗಳಲ್ಲಿ ತಿಳಿಸಿದರು, ಮಂಡಿಗಳಲ್ಲಿ ಎಚ್ಚರಿಕೆಯ ಪತ್ರ ಅಂಟಿಸಿದರು, ಸಗಟು ವ್ಯಾಪಾರಿಗಳಿಗೆ ಎಲ್ಲರೆದುರು ದಂಡ ಹಾಕಿದರು. 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ತಿಳಿವಳಿಕೆ, ಪರೀಕ್ಷೆ, ಶಿಕ್ಷೆ ಮೂರೂ ಒಟ್ಟಿಗೆ ಬಂದರೆ ಎರಡೇ ವರ್ಷ ಸಾಕು ಎಂದಾಯಿತು.

ನಮ್ಮ ಪಂಕ್ತಿಯ ಮಾತು

ಈ ಚರಿತ್ರೆಯಲ್ಲಿ ನನಗೆ ಒಂದು ಎಳೆ ಮತ್ತೆ ಮತ್ತೆ ಕಂಡಿತು. ಪ್ರಫುಲ್ಲ ಚಂದ್ರ ರಾಯ್ ಎದುರಿಗೆ ಹಿಂಡಿಸಿದ ಎಣ್ಣೆ, ಮಯ್ಯರು ತೆರೆದಿಟ್ಟ ಅಡುಗೆಮನೆ, ಬಾಂಗ್ಲಾದೇಶದ ಮಂಡಿಯಲ್ಲಿ ಎಲ್ಲರೆದುರು ಹಾಕಿದ ದಂಡ: ನಂಬಿಕೆ ಹುಟ್ಟಿದ್ದೆಲ್ಲ ನೋಡಲು ಅವಕಾಶ ಇದ್ದ ಕಡೆ. ಭಯದಿಂದ ಹುಟ್ಟಿದ ಎಚ್ಚರ ಒಂದು ಹಬ್ಬದ ತನಕವೂ ಉಳಿಯಲಿಲ್ಲ.

ಹಾಗಾದರೆ ನಾವೇನು ಮಾಡಬಹುದು? ಯುಗಾದಿ, ರಾಜ್ಯೋತ್ಸವಗಳಲ್ಲಿ ನಮ್ಮ ಪಂಕ್ತಿಯಲ್ಲಿ ಕೂರುವವರಲ್ಲಿ ಪುಟ್ಟ ಮಕ್ಕಳೂ ಎಂಬತ್ತು ದಾಟಿದ ಹಿರಿಯರೂ ಇರುತ್ತಾರೆ. ಅಡುಗೆ ಗುತ್ತಿಗೆಯವರನ್ನು ಗೊತ್ತು ಮಾಡುವಾಗ ನಾವು ಹೋಳಿಗೆ ಎಷ್ಟು, ಎಲೆಗೆ ಎಷ್ಟು ರೂಪಾಯಿ ಎಂದು ಕೇಳುತ್ತೇವೆ. ಅವರ 14 ಅಂಕಿಯ ನೋಂದಣಿ ಸಂಖ್ಯೆ ಏನೆಂದು ಕೇಳುವುದೂ ವಾಡಿಕೆಯಾಗಲಿ. 2011ರ ನಿಯಮಗಳು ವರ್ಷಕ್ಕೆ 12 ಲಕ್ಷದವರೆಗೆ ವಹಿವಾಟಿನ ಸಣ್ಣವರಿಗೆಂದು ನೂರು ರೂಪಾಯಿಯ ನೋಂದಣಿಯನ್ನೇ ಇಟ್ಟವು, ಹೊರೆಯ ಮಾತೇ ಇಲ್ಲ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೇ ಇರಬೇಕೆಂದು ನಿಯಮ ಹೇಳುತ್ತದೆ. ಬೆಳಗ್ಗೆ ಏಳಕ್ಕೆ ಮಾಡಿದ ಬಿಸಿಬೇಳೆಬಾತ್ ಭಾಷಣಗಳೆಲ್ಲ ಮುಗಿದು ಎರಡು ಗಂಟೆಗೆ ಎಲೆಗೆ ಬೀಳುವಾಗ ಹೇಗಿರುತ್ತದೆಂದು ನಿಮಗೇ ಗೊತ್ತು. ಅಡುಗೆಯ ಹೊತ್ತನ್ನು ಹಿಂದಕ್ಕೆ ತಳ್ಳೋಣ, ಭಾಷಣವನ್ನು ಸ್ವಲ್ಪ ಮೊಟಕು ಮಾಡೋಣ!

ನಮ್ಮ ವೇದಿಕೆಯ ಇಬ್ಬರು ಪ್ರತಿ ಊಟದ ದಿನವೂ ಅಡುಗೆಯ ಜಾಗಕ್ಕೆ ಹೋಗಿ ನೀರು, ಎಣ್ಣೆ, ಪಾತ್ರೆ ನೋಡಿ ಬರಲಿ ಎಂಬುದು ನನ್ನ ಸಲಹೆ. ತಪ್ಪು ಹುಡುಕಲು ಅಲ್ಲ. ಅಡುಗೆಯವರಿಗೆ ಕೈ ತೊಳೆಯಲು ಸಾಕಷ್ಟು ನೀರು, ಸೋಪು, ನಿಲ್ಲಲು ನೆರಳು ನಾವು ಕೊಟ್ಟಿದ್ದೇವೆಯೇ ಎಂದೂ ನೋಡಿ ಬರಬೇಕು. ಬೀದಿ ವ್ಯಾಪಾರಿಗೆ ಕಲಿಸಿದ ಪಾಠ ನಮಗೂ ಅನ್ವಯಿಸುತ್ತದೆ. ಮುಂದಿನ ಸಭೆಯಲ್ಲಿ ಇದನ್ನು ಮಾತಾಡೋಣ. ಬರುವ ರಾಜ್ಯೋತ್ಸವದ ಊಟಕ್ಕೆ ಮೊದಲ ಇಬ್ಬರಲ್ಲಿ ಒಬ್ಬಳಾಗಿ ನನ್ನ ಹೆಸರು ಬರೆದುಕೊಳ್ಳಿ.